ಬೀಗ ಬಿದ್ದ ಊರಿನಲ್ಲಿ ಕಾರ್ಮಿಕ ಸಂಘ

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗೆ ಬೀಗ ಬಿತ್ತು. ಅಂದು ಕೆಜಿಎಫ್‌ನಲ್ಲಿ ಕಾರ್ಮಿಕ ಸಂಘಗಳಿಗೇನೂ ಬರವಿರಲಿಲ್ಲ. ಕೆಂಪು ಬಾವುಟದ್ದೂ ಇತ್ತು, ಬೇರೆ ಬಣ್ಣದವೂ ಇದ್ದವು. ಗಣಿ ಮಾತ್ರ ಉಳಿಯಲಿಲ್ಲ. ‘ಇಷ್ಟು ವರ್ಷ ಚಂದಾ ಕಟ್ಟಿ ಏನು ಬಂತು?’ ಎಂದು ಅಲ್ಲಿ ಯಾರಾದರೂ ಕೇಳಿದರೆ ತಟ್ಟನೆ ಉತ್ತರ ಹೇಳುವುದು ಕಷ್ಟ. ಭದ್ರಾವತಿಯಲ್ಲೂ ಈ ಪ್ರಶ್ನೆ ಇದೆ, ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದವರ ಮನೆಗಳಲ್ಲೂ ಇದೆ.

ಇದರ ಬೆನ್ನಿಗೇ ಇನ್ನೊಂದು ಆರೋಪ ಬರುತ್ತದೆ: ಕಾರ್ಖಾನೆಗಳನ್ನು ಮುಳುಗಿಸಿದ್ದೇ ಸಂಘಗಳು. ಕೋಲಾರದ ಮಟ್ಟಿಗೆ ಇದು ನಿಲ್ಲದ ಮಾತು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಆರಂಭದ ದಿನಗಳಲ್ಲಿ ಒಂದು ಟನ್ ಅದಿರಿಗೆ ಹತ್ತಾರು ಗ್ರಾಂ ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ ಸಿಗುತ್ತಿದ್ದದ್ದು ಮೂರು ನಾಲ್ಕು ಗ್ರಾಂ. ಅದಕ್ಕಾಗಿ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಿತ್ತು. ಅಲ್ಲಿ ಬಂಡೆಯೇ ಸುಡುತ್ತದೆ. ಗಾಳಿ ತಣಿಸಿ ಕಳಿಸಬೇಕು, ನೀರು ಮೇಲೆತ್ತಬೇಕು. ಇನ್ನು 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದ ಮೇಲೆ ಬಹುಕಾಲ ಅಲ್ಲಿನ ಚಿನ್ನವನ್ನು ಸರ್ಕಾರ ಕೊಂಡದ್ದು ಪೇಟೆಯ ಧಾರಣೆಗಿಂತ ಕಡಿಮೆಯ ಅಧಿಕೃತ ದರದಲ್ಲಿ. ಚಿನ್ನ ತೆಗೆಯುವ ಕಂಪನಿ ನಷ್ಟದಲ್ಲಿದೆ ಎಂದು ಕೇಳಿದಾಗ ಜನಕ್ಕೆ ಆಶ್ಚರ್ಯವಾಗುತ್ತಿತ್ತು. ಆ ದರ ತಿಳಿದಿದ್ದರೆ ಆಗುತ್ತಿರಲಿಲ್ಲ.

ಸಂಘಗಳ ದೌರ್ಬಲ್ಯ ಬೇರೆ ಕಡೆ ಇದೆ. ಅವುಗಳ ಕೈಲಿದ್ದ ದೊಡ್ಡ ಆಯುಧ ಮುಷ್ಕರ. ಮಾಲೀಕನಿಗೆ ಸರಕು ಬೇಕಾಗಿದ್ದಾಗ ಮಾತ್ರ ಆ ಆಯುಧಕ್ಕೆ ಮೊನೆ. ಉತ್ಪಾದನೆ ನಿಂತರೇ ಲಾಭ ಎನ್ನುವ ಸ್ಥಿತಿಗೆ ಅವನು ಬಂದಿದ್ದರೆ, ಮುಷ್ಕರ ಅವನ ಕೆಲಸವನ್ನೇ ಸುಲಭ ಮಾಡುತ್ತದೆ. ಮುಂಬಯಿಯ ಗಿರಣಿಗಳಲ್ಲಿ ಆದದ್ದು ಇದೇ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಾತಿಗೆ ಎರಡು ಲಕ್ಷಕ್ಕೂ ಹೆಚ್ಚು ಕೆಲಸಗಾರರು ಹೊರಬಂದರು. ಗಿರಣಿ ಮಾಲೀಕರಿಗೆ ತಳಮಳವೇ ಆಗಲಿಲ್ಲ ಎಂದಲ್ಲ, ಆದರೆ ಬಟ್ಟೆಯ ಉತ್ಪಾದನೆ ಆಗಲೇ ವಿದ್ಯುತ್ ಮಗ್ಗಗಳ ಕಡೆ ಹೊರಳಿತ್ತು, ಗಿರಣಿ ನಿಂತ ನೆಲದ ಬೆಲೆ ಏರುತ್ತಿತ್ತು. ಆ ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲೇ ಇಲ್ಲ. ಸೊರಗುತ್ತಿರುವ ಕೈಗಾರಿಕೆಯಲ್ಲಿ ಏರುಕಾಲದ ಪಟ್ಟನ್ನೇ ಹಾಕಿದರೆ ಹೀಗಾಗುತ್ತದೆ.

ಹಾಗಾದರೆ ಇಳಿಗಾಲದಲ್ಲಿ ಸಂಘಕ್ಕೆ ಉಳಿಯುವ ಕೆಲಸ ಯಾವುದು? ಲೆಕ್ಕ ಚುಕ್ತಾ ಮಾಡಿಸುವುದು. ಕೇಳಲು ಸಪ್ಪೆ ಅನ್ನಿಸಬಹುದು, ಕೆಜಿಎಫ್‌ನ ಲೈನ್ ಮನೆಗಳಲ್ಲಿ ಕೂತು ಯೋಚಿಸಿದರೆ ಅನ್ನಿಸದು. ಗಣಿಯ ಕಲ್ಲುಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಮದ್ದಿಲ್ಲ, ಕಾನೂನಿನಲ್ಲಿ ಪರಿಹಾರವಿದೆ. ಆದರೆ ಕಾಯಿಲೆ ಬಯಲಾಗುವುದು ವರ್ಷಗಳು ಕಳೆದ ಮೇಲೆ, ಎಷ್ಟೋ ಸಲ ಕೆಲಸ ಬಿಟ್ಟ ಮೇಲೆ. ಆಗ ಎಕ್ಸ್‌ರೇ ಬೇಕು; ಯಾವ ಶಾಫ್ಟಿನಲ್ಲಿ ಎಷ್ಟು ವರ್ಷ ಇಳಿದಿದ್ದ ಎನ್ನುವುದಕ್ಕೆ ಕಾಗದ ಬೇಕು; ಇದು ಬರೀ ಟಿಬಿ ಅಲ್ಲ ಎಂದು ಬರೆದುಕೊಡುವ ವೈದ್ಯ ಬೇಕು. ಗಣಿಯ ಜೊತೆಗೇ ಗಣಿಯ ಆಸ್ಪತ್ರೆಯೂ ಮುಚ್ಚಿದ ಊರಿನಲ್ಲಿ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವ ಮುದುಕನೊಬ್ಬ ಇವನ್ನೆಲ್ಲ ಒಬ್ಬನೇ ಹೊಂದಿಸಿಕೊಂಡಾನೆಯೇ? ಅವನ ಪರವಾಗಿ ಫೈಲು ಹಿಡಿದು ಕಚೇರಿಗೆ ಅಲೆಯುವವರು ಬೇಕು. ವಾಸದ ಮನೆ, ಬಾಕಿ ಹಣ, ಬೇಸಿಗೆಯ ಗಾಳಿಗೆ ಸೈನೈಡ್ ದಿಬ್ಬದಿಂದ ಎದ್ದು ಮನೆಯೊಳಗೆ ಬರುವ ಧೂಳು, ಎಲ್ಲದಕ್ಕೂ ಇದೇ ಮಾತು. ಅಲ್ಲಿನ ಸಂಘಗಳು ಕೋರ್ಟಿಗೆ ಹೋದವು, ಸಹಕಾರ ಸಂಘ ಕಟ್ಟಿಕೊಂಡು ಗಣಿಯನ್ನು ನಾವೇ ನಡೆಸುತ್ತೇವೆ ಎಂದೂ ಕೇಳಿದವು. ಗಣಿ ಸಿಗಲಿಲ್ಲ. ಆದರೂ ಬಾಗಿಲು ಹಾಕಿ ಸುಮ್ಮನೆ ಹೊರಟುಹೋಗಲು ಸರ್ಕಾರಕ್ಕೆ ಆಗಲಿಲ್ಲ ಎನ್ನುವುದನ್ನು ಮರೆಯಬಾರದು.

ಸಂಘವೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ನೋಡಲು ದೂರ ಹೋಗಬೇಕಿಲ್ಲ, ಅದೇ ಕೋಲಾರ ಜಿಲ್ಲೆಯ ನರಸಾಪುರ ಸಾಕು. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಗಾಜು ಒಡೆಯಿತು, ವಾಹನಗಳು ಮಗುಚಿದವು. ದುಡಿಯುತ್ತಿದ್ದವರಲ್ಲಿ ಬಹುಪಾಲು ಬೇರೆ ಬೇರೆ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯ ಹುಡುಗರು. ಸಂಬಳ ಸರಿಯಾಗಿ ಬರುತ್ತಿರಲಿಲ್ಲ, ಹಾಜರಾತಿ ಯಂತ್ರದ ಲೆಕ್ಕ ತಪ್ಪುತ್ತಿತ್ತು, ಹೆಚ್ಚುವರಿ ದುಡಿಮೆಯ ದುಡ್ಡು ಕೈಸೇರುತ್ತಿರಲಿಲ್ಲ. ಸರ್ಕಾರದ ತಪಾಸಣೆಯಲ್ಲೂ ಇಂಥ ಲೋಪಗಳು ಕಂಡವು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಮೊದಲೇ ಒಂದು ಸಂಘವಿದ್ದು, ವ್ಯವಸ್ಥಾಪಕರ ಮುಂದೆ ನಾಲ್ಕು ಜನ ಕೂತು ಹಾಜರಾತಿ ಪಟ್ಟಿ ತೋರಿಸಿ ಜಗಳವಾಡಿದ್ದರೆ ಆ ಬೆಳಗು ಹಾಗಾಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಕೆಲಸಗಾರರು ಸಂಘವಿಲ್ಲದೆಯೂ ಸಿಡಿದೇಳುತ್ತಾರೆ, ಅದೇನು ಹೊಸದಲ್ಲ. 1930ರಲ್ಲಿ ಎಲ್ಲರ ಬೆರಳಚ್ಚು ತೆಗೆದು ನೋಂದಾಯಿಸಲು ಕಂಪನಿ ಹೊರಟಾಗ ಚಿನ್ನದ ಗಣಿಯ ಸಾವಿರಾರು ಕೂಲಿಗಳು ಕೆಲಸ ನಿಲ್ಲಿಸಿದರು. ಆಗ ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮನ್ನಣೆಯೇ ಇರಲಿಲ್ಲ, ಅದು ಬಂದದ್ದು 1940ರ ದಶಕದಲ್ಲಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಪಿಎಫ್ ಹಣಕ್ಕಾಗಿ ರಸ್ತೆಗಿಳಿದಾಗಲೂ ಮುಂದೆ ನಿಂತ ಸಂಘ ಯಾವುದೂ ಇರಲಿಲ್ಲ. ಆ ಹಣ ತೆಗೆಯುವುದನ್ನು ಬಿಗಿ ಮಾಡಿದ್ದ ನಿಯಮವನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಸಿಟ್ಟು ಗೆಲ್ಲುವುದೂ ಉಂಟು. ಆದರೆ ಅದರ ಹತ್ತಿರ ಮರುವರ್ಷಕ್ಕೆ ಕಡತ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಂಘಗಳ ಮೇಲಿನ ದೂರನ್ನೂ ಹೇಳಬೇಕು. ಕಾಯಂ ನೌಕರರ ಕ್ಲಬ್ಬಿನಂತೆ ಅವು ಬಹುಕಾಲ ನಡೆದುಕೊಂಡವು. ಒಂದೇ ಯಂತ್ರದ ಮುಂದೆ ನಿಂತ ಇಬ್ಬರಲ್ಲಿ ಒಬ್ಬನಿಗೆ ಸ್ಕೇಲು, ಬೋನಸ್ಸು, ಇನ್ನೊಬ್ಬನಿಗೆ ದಿನಗೂಲಿ. ಇನ್ನೊಬ್ಬನ ಹೆಸರು ಸದಸ್ಯರ ಪುಸ್ತಕದಲ್ಲೇ ಇರಲಿಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಕಾಯಂ ನೌಕರರು ನಿವೃತ್ತಿಯಾಗುತ್ತಾ ಹೋದಂತೆ ಕುಲುಮೆಯ ಮುಂದೆ ಉಳಿದವರು ಗುತ್ತಿಗೆಯವರೇ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗೇಟಿನ ಮುಂದೆ ಧರಣಿ ಕೂತವರೂ ಅವರೇ. ಅವರ ಬೆನ್ನಿಗೆ ಇಡೀ ಊರು ನಿಂತಿತು. ಅದೇ ವರ್ಷ ಕಾರ್ಖಾನೆಯ ಒಂದು ಭಾಗ ಮತ್ತೆ ಚಾಲೂ ಆಯಿತು. ಇದನ್ನು ಗೆಲುವು ಎನ್ನಲು ನಾಲಿಗೆ ಬರುವುದಿಲ್ಲ, ಗಡುವು ಮುಂದೆ ಹೋಗಿದೆ ಅಷ್ಟೆ. ಆದರೆ ಪಾಠ ಸ್ಪಷ್ಟವಾಗಿದೆ: ಗೇಟಿನೊಳಗಿನ ಸಂಘಕ್ಕೆ ಊರು ಜೊತೆಯಾಗದಿದ್ದರೆ ದನಿ ಸಾಲದು.

ಮಾರಿಕುಪ್ಪಂನಿಂದ ಬೆಳಗಿನ ಜಾವ ಬೆಂಗಳೂರಿಗೆ ಹೊರಡುವ ರೈಲನ್ನು ಹತ್ತಿ ನೋಡಿ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಸೆಕ್ಯುರಿಟಿ, ಹೌಸ್‌ಕೀಪಿಂಗ್, ಅಂಗಡಿ, ಗೋದಾಮು ಎಂದು ದಿನವೂ ಹೋಗಿ ಬರುತ್ತಾರೆ. ಕೆಲಸ ಎಪ್ಪತ್ತು ಎಂಬತ್ತು ಕಿಲೋಮೀಟರ್ ಆಚೆಗೆ, ಧಣಿ ಯಾರೆಂದು ಗೊತ್ತಿಲ್ಲ, ಸಂಬಳದ ಚೀಟಿ ಏಜೆನ್ಸಿಯದು. ಇವರಿಗೆ ಕಾರ್ಖಾನೆಯ ಹೆಸರಿನ ಸಂಘದಿಂದ ಪ್ರಯೋಜನವಿಲ್ಲ. ಬೇಕಿರುವುದು ಕೆಜಿಎಫ್‌ನ ಸಂಘ, ಭದ್ರಾವತಿಯ ಸಂಘ. ಯಾವ ಧಣಿಯ ಕೆಳಗಿದ್ದರೂ ಆ ಊರಿನ ದುಡಿಯುವವರನ್ನೆಲ್ಲ ಸೇರಿಸಿಕೊಳ್ಳುವ ಸಂಘ. ಇರುವ ಸಂಘಗಳು ಮೊದಲು ಮಾಡಬೇಕಾದ್ದು ತಮ್ಮ ಪುಸ್ತಕ ತೆರೆದು ಗುತ್ತಿಗೆಯವರ ಹೆಸರು ಬರೆದುಕೊಳ್ಳುವುದು.

ತಡ ಮಾಡುವಂತೆಯೂ ಇಲ್ಲ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಿಂದೆ ನೂರು ಜನರಿದ್ದ ಕಾರ್ಖಾನೆಯನ್ನು ಮುಚ್ಚಲೂ ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಮಿತಿ 300. ಅಂದರೆ 299 ಮಂದಿ ದುಡಿಯುವ ಕಾರ್ಖಾನೆಗೆ ಬೀಗ ಹಾಕಲು ಮಾಲೀಕ 60 ದಿನಗಳ ನೋಟಿಸ್ ಕೊಟ್ಟು ಪರಿಹಾರ ಕಟ್ಟಿದರೆ ಸಾಕು, ಅನುಮತಿ ಬೇಕಿಲ್ಲ.