ತಲೆ-ಬಾಲ ಕೂಡದ ಹಾವು!

ಮಿತ್ರರೇ, ಹಾವಿನ ಸಿನಿಮಾ ಅಂದರೆ ನಮಗೆಲ್ಲ ಪ್ರಾಣ. ಆದರೆ ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ನೋಡಿದವರಿಗೆ ಗೊತ್ತು, ಅಲ್ಲಿ ಹಾವೆಂದರೆ ಬುಸುಗುಟ್ಟುವ ರಾಮಾಚಾರಿ. ಹೋದ ವರ್ಷ ನನ್ನ ಮೈಮೇಲೂ ಅಂಥದ್ದೇ, ಹೆಸರಿಗೆ ಮಾತ್ರ ಹಾವಾದ ಒಂದು ಹಾವು ಹರಿಯಿತು. ಈ ವಾರ ತಾರೆಯರ ಸುದ್ದಿ ಬದಿಗಿಟ್ಟು ಅದರ ಕಥೆ ಹೇಳುತ್ತೇನೆ. ಬೇಜಾರು ಮಾಡ್ಕೋಬೇಡಿ!

ಅವತ್ತು ಸೆಕೆಂಡ್ ಷೋ. ಇಂಟರ್‌ವಲ್‌ಗೆ ಮುಂಚೆಯೇ ಎಡಪಕ್ಕೆಯಲ್ಲಿ ಉರಿ ಶುರುವಾಯಿತು. ಸೂಜಿ ಚುಚ್ಚಿದ ಹಾಗೆ, ಕೆಂಡ ಇಟ್ಟ ಹಾಗೆ. ಷರ್ಟು ತಗುಲಿದರೂ ತಡೆಯಲಾರೆ. 'ಗ್ಯಾಸು ಕಣೋ, ಸೋಡಾ ಕುಡಿ' ಎಂದ ಗೆಳೆಯ. ಕುಡಿದೆ. ಉರಿ ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಬನಿಯನ್ ತೆಗೆದರೆ ಬೆನ್ನಿನಿಂದ ಎದೆಯವರೆಗೆ ಒಂದು ಕೆಂಪು ಪಟ್ಟಿ, ಅದರ ಮೇಲೆ ಗುಂಪುಗುಂಪಾಗಿ ನೀರುಗುಳ್ಳೆ!

ಮನೆ ಓನರ್ ಅಜ್ಜಿ ನೋಡಿದವರೇ, 'ಅಯ್ಯೋ ಮಗಾ, ಸರ್ಪಸುತ್ತು! ತಲೆ-ಬಾಲ ಕೂಡಿದ್ರೆ ಜೀವ ಉಳಿಯಲ್ಲ. ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸೋಣ' ಎಂದರು. ಸುಳ್ಳು ಯಾಕೆ ಹೇಳಲಿ, ನನಗೂ ಕೈಕಾಲು ತಣ್ಣಗಾಯಿತು. ಆದರೆ ಆಗ ನೆನಪಾದದ್ದು ನಮ್ಮ ದೊಡ್ಡಪ್ಪ. ಅವರಿಗೆ ಇದೇ ಸರ್ಪಸುತ್ತು ಹಣೆಯ ಮೇಲೆ ಬಂದಿತ್ತು. ಎಂಟು ದಿನ ಕೆಮ್ಮಣ್ಣು, ಮಂತ್ರ ಅಂತ ಕೂತರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಿಗೆ ಇಳಿದಿತ್ತು. ಇವತ್ತಿಗೂ ಆ ಕಣ್ಣಿಗೆ ಎಲ್ಲಾ ಮಂಜು ಮಂಜು.

ಅಜ್ಜಿಗೆ ಕೈಮುಗಿದು ಬಸ್ಸು ಹತ್ತಿದೆ.

ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ನೋಡಿದ್ದು ಒಂದೇ ನಿಮಿಷ. 'ಚಿಕ್ಕವನಿದ್ದಾಗ ಮೈಮೇಲೆ ಅಮ್ಮ ಆಗಿತ್ತೇನಪ್ಪಾ?'

'ಆಗಿತ್ತು ಮೇಡಂ, ಎರಡನೇ ಕ್ಲಾಸಿನಲ್ಲಿ.'

'ಆ ಚಿಕನ್‌ಪಾಕ್ಸ್ ವೈರಸ್ಸೇ ಇದು!'

ಬೆಪ್ಪಾದೆ. ಚಿಕನ್‌ಪಾಕ್ಸ್ ವಾಸಿಯಾದರೂ ವೈರಸ್ಸು ಮೈ ಬಿಟ್ಟು ಹೋಗುವುದಿಲ್ಲವಂತೆ. ಬೆನ್ನುಮೂಳೆಯ ಪಕ್ಕದ ನರದ ಬುಡದಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ವಯಸ್ಸಾದಾಗಲೋ, ಮೈಯ ಶಕ್ತಿ ಕುಂದಿದಾಗಲೋ ಎದ್ದು ಅದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಸಾಕ್ಷಾತ್ ಫ್ಲ್ಯಾಷ್‌ಬ್ಯಾಕ್ ವಿಲನ್! ಒಂದೊಂದು ನರ ಮೈಯ ಒಂದೇ ಪಕ್ಕಕ್ಕೆ ಹೋಗುವುದರಿಂದ ಗುಳ್ಳೆಯೂ ಸಾಮಾನ್ಯವಾಗಿ ನಡುಗೆರೆಗೆ ಬಂದು ನಿಲ್ಲುತ್ತದೆ. ತಲೆ-ಬಾಲ ಕೂಡುವುದು ಎಲ್ಲಿಂದ ಬಂತು? ಅಪರೂಪಕ್ಕೆ ಎರಡೂ ಪಕ್ಕ ಬಂದರೂ ಸುತ್ತಿಕೊಂಡಿತು ಅಂತ ಯಾರೂ ಸಾಯುವುದಿಲ್ಲ.

ಹೆದರಬೇಕಾದದ್ದು ಗಡಿಯಾರಕ್ಕೆ. ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಔಷಧ ಶುರುವಾದರೆ ಹೆಚ್ಚು ಉಪಯೋಗ. ನನಗೆ ಕೊಟ್ಟದ್ದು ಅಸೈಕ್ಲೋವಿರ್ ಮಾತ್ರೆ, ದಿನಕ್ಕೆ 5 ಸಲ, 7 ದಿನ. ಇದನ್ನು ನೋಡಿ ನೀವೇ ಅಂಗಡಿಯಲ್ಲಿ ಕೊಂಡು ನುಂಗಬೇಡಿ, ಡಾಕ್ಟರು ಹೇಳಲಿ. 72 ಗಂಟೆ ದಾಟಿತು ಅಂತ ಮನೆಯಲ್ಲೂ ಕೂರಬೇಡಿ. ತಡ ಮಾಡಿದರೆ, ಅದರಲ್ಲೂ ವಯಸ್ಸಾದವರಿಗೆ, ಗುಳ್ಳೆ ಒಣಗಿದರೂ ಉರಿ ತಿಂಗಳುಗಟ್ಟಲೆ ಉಳಿಯಬಹುದು. ಹಣೆ, ರೆಪ್ಪೆ, ಮೂಗಿನ ತುದಿಯಲ್ಲಿ ಬಂದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಓಡಿ.

ಗುಳ್ಳೆಯ ನೀರು ತಾಗಿದರೆ ಚಿಕನ್‌ಪಾಕ್ಸ್ ಆಗದವರಿಗೆ ಚಿಕನ್‌ಪಾಕ್ಸ್ ಬರಬಹುದು. ಆದ್ದರಿಂದ ಹಕ್ಕು ಕಟ್ಟುವವರೆಗೆ ಬಟ್ಟೆ ಮುಚ್ಚಿಕೊಂಡು, ಬಸುರಿಯರಿಂದ, ಎಳೆ ಮಕ್ಕಳಿಂದ ದೂರ ಇರಬೇಕು.

ಚೀಟಿ ಬರೆದು ಡಾಕ್ಟರಮ್ಮ ಮೆಲ್ಲಗೆ ಅಂದರು: 'ನಿನ್ನ ವಯಸ್ಸಿಗೆ ಬಂದಿದೆ. ಒಂದು ಎಚ್‌ಐವಿ ಪರೀಕ್ಷೆನೂ ಮಾಡಿಸಿಬಿಡು.' ನನ್ನ ಮುಖ ಹೇಗಾಯಿತೋ! ಓಡಿಹೋಗೋಣ ಅನ್ನಿಸಿತು. 'ಗಾಬರಿ ಬೇಡ. ನಿದ್ದೆಗೆಟ್ಟು ಓಡಾಡಿದವರಿಗೂ ಬರುತ್ತೆ, ಕಾರಣವೇ ಇಲ್ಲದೆಯೂ ಬರುತ್ತೆ. ಇದ್ದರೆ ಬೇಗ ಗೊತ್ತಾಗೋದು ಒಳ್ಳೇದಲ್ವಾ?' ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಉಚಿತ, ಗುಟ್ಟು ಹೊರಗೆ ಬಿಡುವ ಹಾಗಿಲ್ಲ. ಮಾಡಿಸಿದೆ. 'ಇಲ್ಲ' ಎಂದು ಬಂತು. 'ಇದೆ' ಎಂದು ಬಂದಿದ್ದರೂ ಔಷಧವಿದೆ ಮಿತ್ರರೇ, ನುಂಗುತ್ತಾ ಬಹುಕಾಲ ಬಾಳಬಹುದು. ಪರೀಕ್ಷೆಗೆ ನಾಚಿಕೊಂಡು ಓಡಿದವನಿಗೇ ಕಷ್ಟ.

ಎಲ್ಲಾ ಗುಳ್ಳೆಯೂ ಸರ್ಪಸುತ್ತಲ್ಲ. ಮೊದಲು ಉರಿ, ಆಮೇಲೆ ಒಂದೇ ಪಕ್ಕಕ್ಕೆ ಪಟ್ಟಿಯಾಗಿ ಗುಳ್ಳೆ ಬಂದರೆ ಇದು. ತುರಿಕೆಯಾಗಿ ಮೈತುಂಬ ಬಿಡಿಬಿಡಿಯಾಗಿ ಎದ್ದರೆ ಚಿಕನ್‌ಪಾಕ್ಸ್ ಇರಬಹುದು. ಜ್ವರದ ನಂತರ ತುಟಿಯಂಚಿನಲ್ಲೇ ಮತ್ತೆ ಮತ್ತೆ ಪುಟ್ಟ ಗುಳ್ಳೆ ಗುಂಪಾಗಿ ಬಂದರೆ ಅದು ಬೇರೆ ವೈರಸ್ಸು. ಒರಟಾಗಿ ಗಂಟಿನಂತೆ ಬೆಳೆದರೆ ನರುಳ್ಳೆ. ಅದೂ ವೈರಸ್ಸೇ! ಹೀರೋ ಥರ ನುಣ್ಣಗೆ ಕಾಣಬೇಕೆಂದು ನರುಳ್ಳೆಯ ಮೇಲೆ ಬ್ಲೇಡು ಎಳೆದರೆ ಮುಖವೆಲ್ಲ ಹರಡುತ್ತದೆ. ಅನುಮಾನ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ.

ನನ್ನ ಗುಳ್ಳೆ ಮೂರು ವಾರಕ್ಕೆ ಮಾಯವಾಯಿತು, ಕಲೆ ಸ್ವಲ್ಪ ಉಳಿದಿದೆ. ಅಜ್ಜಿ ಈಗಲೂ 'ನಾನು ಹರಕೆ ಹೊತ್ತಿದ್ದಕ್ಕೇ ವಾಸಿಯಾಯ್ತು' ಅನ್ನುತ್ತಾರೆ. ಹರಕೆ ಅವರು ತೀರಿಸಲಿ, ಮಾತ್ರೆ ನಾವು ನುಂಗೋಣ. ನಿಮ್ಮ ಮನೆಯಲ್ಲಿ ಅಪ್ಪನಿಗೋ ಅಜ್ಜನಿಗೋ ಒಂದೇ ಪಕ್ಕ ಉರಿ ಎದ್ದು ಗುಳ್ಳೆ ಬಂದರೆ ಸುಮ್ಮನೆ ಕೂರಬೇಡಿ. ಅವತ್ತಿನ ಮ್ಯಾಟಿನಿ ಬಿಟ್ಟಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನ ವಾರ ಮತ್ತೆ ಸಿನಿಮಾ ಮಾತು. ಬರಲಾ?