ಕುತ್ತಿಗೆಗೊಂದು ಹುರುಳಿಯ ಚೀಲ

ಮಲೆನಾಡಿನ ಮಳೆಗಾಲದಲ್ಲಿ ಕುತ್ತಿಗೆ ಹಿಡಿದುಕೊಂಡವರಿಗೆ ಉಪ್ಪಿನ ಗಂಟಿನಿಂದ ಶಾಖ ಕೊಡುವುದನ್ನು ಕಾಣದ ಮನೆ ನಮ್ಮಲ್ಲಿ ಅಪರೂಪ. ಅದೇ ಮನೆಗಳಿಗೆ ಈಗ ಪೇಟೆಯಿಂದ ವಿದ್ಯುತ್ತಿನಲ್ಲಿ ಕಾಯುವ ದಿಂಬುಗಳೂ ಜೆಲ್ ತುಂಬಿದ ಪ್ಲಾಸ್ಟಿಕ್ ಚೀಲಗಳೂ ಬರುತ್ತಿವೆ. ಇವನ್ನು ಕೊಳ್ಳುವ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಅದು ರೂಪುಗೊಂಡದ್ದು ಮಾತ್ರ ಮಲೆನಾಡಿನಲ್ಲಲ್ಲ, ಬೆಂಗಳೂರಿನ ಬಿನ್ನಿಪೇಟೆಯಲ್ಲಿ.

ವ್ಯಾಸಂಗದ ಬಳಿಕ ಅಲ್ಲಿ ಬಾಡಿಗೆ ಕೋಣೆಯೊಂದರಲ್ಲಿದ್ದು ಕರಡು ತಿದ್ದುವ ಕೆಲಸ ಮಾಡುತ್ತಿದ್ದೆ. ದಿನವಿಡೀ ತಲೆ ತಗ್ಗಿಸಿ ಕುಳಿತು ಕುತ್ತಿಗೆ ಮರಗಟ್ಟುತ್ತಿತ್ತು. ಕೊಂಡು ತಂದ ಜೆಲ್ ಚೀಲ ಎರಡೇ ತಿಂಗಳಲ್ಲಿ ಅಂಚು ಬಿರಿದು ಸೋರಿತು. ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ನಿಂತಿದ್ದಾಗ ಮನೆಯೊಡತಿ ಅಜ್ಜಿ ಹಳೆಯ ಹತ್ತಿ ಬಟ್ಟೆಯ ಚೀಲವೊಂದನ್ನು ತಂದುಕೊಟ್ಟರು. ಒಳಗೆ ಹುರುಳಿಕಾಳು. ಅವರ ಯಜಮಾನರು ಬಿನ್ನಿ ಮಿಲ್ಲಿನಲ್ಲಿ ಮಗ್ಗದ ಮುಂದೆ ದುಡಿದವರು. ಪಾಳಿ ಮುಗಿಸಿ ಬಂದ ರಾತ್ರಿಗಳಲ್ಲಿ ಅವರ ಕುತ್ತಿಗೆಗೆ ಅಂಥ ಚೀಲವೇ ಆಸರೆಯಾಗಿತ್ತಂತೆ. 1884ರಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯಾಗಿ ಆರಂಭವಾಗಿ 1886ರಲ್ಲಿ ಬಿನ್ನಿ ಕಂಪನಿಯ ಕೈಸೇರಿದ ಆ ಕಾರ್ಖಾನೆಯಿಂದಲೇ ಬಡಾವಣೆಗೆ ಹೆಸರು ಬಂದಿತು. ಇಂದು ಗಿರಣಿಯಿಲ್ಲ, ಅದರ ನೆಲದಲ್ಲಿ ಬಹುಮಹಡಿ ವಸತಿಗಳು ಎದ್ದಿವೆ.

ಮಾಡುವ ಕ್ರಮ ಸರಳ. ಹಳೆಯ ಪಂಚೆ ಅಥವಾ ಹತ್ತಿ ಸೀರೆಯ ಗಟ್ಟಿ ಭಾಗವನ್ನು ಎರಡು ಪದರ ಮಾಡಿ 20 ಅಂಗುಲ ಉದ್ದ, 5 ಅಂಗುಲ ಅಗಲದ ಚೀಲ ಹೊಲಿಯಿರಿ. ಬಟ್ಟೆ, ದಾರ ಎರಡೂ ಅಪ್ಪಟ ಹತ್ತಿಯವಾಗಿರಬೇಕು. ಪಾಲಿಯೆಸ್ಟರ್ ಶಾಖಕ್ಕೆ ಕರಗೀತು. ಬಾಯಿಗೆ ಲಾಡಿ ಇರಲಿ. ಒಂದು ಕಿಲೋ ಹುರುಳಿಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬೆಚ್ಚಗೆ ಮಾಡಿ, ಕೆಂಪಗಾಗುವ ಮುನ್ನವೇ ಇಳಿಸಿ ತುಂಬಬೇಕು. ಬಿಗಿಯಾಗಿ ತುಂಬಿದರೆ ಚೀಲ ಕುತ್ತಿಗೆಗೆ ಬಾಗದು. ನಡುವೆ ಎರಡು ಕಡೆ ದಾರ ಸುತ್ತಿದರೆ ಕಾಳು ಒಂದೇ ಬದಿಗೆ ಜಾರುವುದಿಲ್ಲ. ಮೊದಲು ಮುಂಗೈಯ ಒಳಬದಿಗೆ ಮುಟ್ಟಿಸಿ ನೋಡಿ. ಹದಿನೈದು ಇಪ್ಪತ್ತು ನಿಮಿಷ ಸಾಕು. ಮಲಗಿ ನಿದ್ದೆಹೋಗಬಾರದು. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗಳಿಗೂ ಹಸುಳೆಗಳಿಗೂ ಇದು ಬೇಡ. ಹೊಸ ಪೆಟ್ಟು, ಬಾವುಗಳ ಮೇಲೆಯೂ ಶಾಖ ಸಲ್ಲದು.

ಉಪ್ಪೇ ಏಕಾಗದು ಎನ್ನಬಹುದು. ನಮ್ಮ ಮಳೆಗಾಲದಲ್ಲಿ ಉಪ್ಪಿನ ಚೀಲ ನೀರೂರಿ ಒದ್ದೆಯಾಗುತ್ತದೆ. ಮರಳಂತೂ ಹೊಳೆಯಲ್ಲೇ ಇರಲಿ, ಅಲ್ಲಿ ಉಳಿದಿರುವುದೇ ಕಡಿಮೆ.

ತಿನ್ನುವ ಕಾಳನ್ನು ಹೀಗೆ ಬಳಸುವುದು ಸರಿಯೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದ. ಪ್ರಶ್ನೆ ನ್ಯಾಯವಾದುದೇ. ಆದರೆ ಹಳತಾಗಿ ಬೇಯದೆ ಉಳಿದ ಕಾಳೂ ಇದಕ್ಕೆ ಒದಗುತ್ತದೆ. ಒಮ್ಮೆ ತುಂಬಿದ್ದನ್ನು ವಾಸನೆ ಕೆಡುವವರೆಗೂ ಮತ್ತೆ ಮತ್ತೆ ಕಾಯಿಸಬಹುದು.

ವಿದ್ಯುತ್ ದಿಂಬು ಬಳಸುವ ವಿದ್ಯುತ್ತು ಅಲ್ಪವೇ. ಅದಕ್ಕಾಗಿಯೇ ಶರಾವತಿ ಬತ್ತುತ್ತದೆಂದರೆ ಉತ್ಪ್ರೇಕ್ಷೆಯಾದೀತು. ನನ್ನ ತಕರಾರು ಅದು ಕೆಟ್ಟ ದಿನದ ಕುರಿತು. ತಂತಿ, ಫೋಮ್, ಪಾಲಿಯೆಸ್ಟರ್ ಒಂದಕ್ಕೊಂದು ಅಂಟಿದ ಆ ವಸ್ತುವನ್ನು ಬಿಚ್ಚಿ ರಿಪೇರಿ ಮಾಡುವವರು ನಮ್ಮ ಹಳ್ಳಿಗಳಲ್ಲಿಲ್ಲ. ಕಸದ ಗಾಡಿ ಬಾರದ ಊರುಗಳಲ್ಲಿ ಅದು ಹಳ್ಳದ ದಂಡೆ ಸೇರುತ್ತದೆ, ಇಲ್ಲವೇ ಬಚ್ಚಲೊಲೆಯಲ್ಲಿ ಉರಿದು, ಸ್ನಾನದ ನೀರು ಕಾಯಿಸುವವರ ಮೂಗಿಗೇ ವಿಷದ ಹೊಗೆ ತುಂಬುತ್ತದೆ. ಹುರುಳಿ ಕೆಟ್ಟರೆ ಗೊಬ್ಬರದ ಗುಂಡಿಗೆ ಸುರಿದರಾಯಿತು.

ಅಜ್ಜಿ ಕೊಟ್ಟ ಚೀಲ ಈಗಲೂ ನನ್ನ ಬಳಿಯಿದೆ. ಕಾಳನ್ನು ಮೂರು ಸಲ ಬದಲಿಸಿದ್ದೇನೆ. ಒಂದು ಮೂಲೆ ಹರಿದಿತ್ತು. ಕಳೆದ ಮಳೆಗಾಲದಲ್ಲಿ ತೇಪೆ ಹಾಕಿದೆ.