ಎಲ್ಲರೂ ಬೇಕಾದ ತರಗತಿ

ಅಮೆರಿಕ ಸಂಯುಕ್ತ ಸಂಸ್ಥಾನದ ನಡುನಾಡಿನಲ್ಲಿ, ಗೋಧಿಯ ಹೊಲಗಳು ದಿಗಂತದವರೆಗೆ ಹಬ್ಬಿಕೊಂಡು ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ಮೈಲಿಗಳ ಅಂತರವಿರುವ ಕ್ಯಾನ್ಸಾಸ್, ನೆಬ್ರಾಸ್ಕ ಮೊದಲಾದ ಪ್ರಾಂತಗಳಲ್ಲಿ, ಒಂದು ತರಗತಿಗೆ ಹತ್ತು ಹದಿನೈದು ಮಂದಿ ಮಾತ್ರವೇ ಇರುವ ಹೈಸ್ಕೂಲುಗಳು ಹಿಂದೆ ಬಹುಸಂಖ್ಯೆಯಲ್ಲಿದ್ದುವು. ಈಗಲೂ ಅಲ್ಲಲ್ಲಿ ಉಳಿದುಕೊಂಡಿವೆ. ಅಲ್ಲಿನ ಕ್ರಮದಂತೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯದರವರೆಗೆ ಹೈಸ್ಕೂಲು ನಾಲ್ಕು ವರ್ಷಗಳದು. ನಮ್ಮಲ್ಲಿ ಎಂಟರಿಂದ ಹತ್ತರವರೆಗೆ ಮೂರು ವರ್ಷಗಳಲ್ಲಿ ಮುಗಿದುಹೋಗುವ ಸಹವಾಸವು ಅಲ್ಲಿ ಹದಿನಾಲ್ಕರ ಪ್ರಾಯದಿಂದ ಹದಿನೆಂಟರವರೆಗೆ, ಎಂದರೆ ಬಾಲ್ಯದ ಕೊನೆಯಿಂದ ಮತದಾನದ ವಯಸ್ಸಿನವರೆಗೆ, ಎಡೆಬಿಡದೆ ಸಾಗುತ್ತದೆ. ಅದೇ ಹನ್ನೆರಡು ಮುಖಗಳನ್ನು ನೋಡುತ್ತ, ಅದೇ ನಾಲ್ಕಾರು ಉಪಾಧ್ಯಾಯರ ಮಾತನ್ನು ಕೇಳುತ್ತ ಬೆಳೆದ ಹುಡುಗನಿಗೋ ಹುಡುಗಿಗೋ ಆ ನಾಲ್ಕು ವರ್ಷಗಳಿಂದ ಒದಗುವುದು ಲಾಭವೆ, ನಷ್ಟವೆ? ಪ್ರಶ್ನೆಯು ಒಂದು ದೇಶದ್ದಾಗಿ ಕಂಡರೂ, ಎಷ್ಟು ಜನರ ನಡುವೆ ಬೆಳೆದರೆ ಮನುಷ್ಯನ ವ್ಯಕ್ತಿತ್ವಕ್ಕೆ ಹಿತವೆಂಬ ಸಾಮಾನ್ಯವಾದ ಜಿಜ್ಞಾಸೆ ಅದರಲ್ಲಿ ಅಡಗಿದೆ.

ನಷ್ಟವೇ ಎಂದು ಸಾರಿದವರಲ್ಲಿ ಅಗ್ರಗಣ್ಯರು ಜೇಮ್ಸ್ ಬ್ರೈಯಂಟ್ ಕೊನಂಟ್. ರಸಾಯನಶಾಸ್ತ್ರದಲ್ಲಿ ಕೀರ್ತಿವಂತರಾಗಿ, ಇಪ್ಪತ್ತು ವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷಪದವಿಯಲ್ಲಿದ್ದ ಅವರು, ದೇಶದ ಹೈಸ್ಕೂಲುಗಳನ್ನು ಸಂದರ್ಶಿಸಿ 1959ರಲ್ಲಿ ಹೊರತಂದ ಗ್ರಂಥದಲ್ಲಿ, ಪ್ರತಿವರ್ಷವೂ ಕಡೆಯ ತರಗತಿಯಿಂದ ನೂರು ಮಂದಿಯಾದರೂ ತೇರ್ಗಡೆಯಾಗದ ಶಾಲೆಗೆ ಒಳ್ಳೆಯ ಶಿಕ್ಷಣವನ್ನು ಕೊಡುವ ಸಾಮರ್ಥ್ಯವಿರುವುದಿಲ್ಲವೆಂದೂ, ಅಂಥವನ್ನು ಒಂದುಗೂಡಿಸುವುದೇ ತುರ್ತಾದ ಕಾರ್ಯವೆಂದೂ ವಾದಿಸಿದರು. ಅವರ ವಾದ ನಿಷ್ಠುರವಾದುದಾದರೂ ನಿಷ್ಕಾರಣವಾದುದಲ್ಲ. ಭೌತಶಾಸ್ತ್ರವನ್ನೂ ಉನ್ನತ ಗಣಿತವನ್ನೂ ಪರಭಾಷೆಯೊಂದನ್ನೂ ಬಲ್ಲ ಅಧ್ಯಾಪಕರನ್ನು ಮೂವತ್ತು ನಲವತ್ತು ಮಕ್ಕಳಿಗಾಗಿ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಶಕ್ತಿ ಒಂದು ಹಳ್ಳಿಗೆ ಎಲ್ಲಿಂದ ಬರಬೇಕು? ಬೆಳಗ್ಗೆ ಇತಿಹಾಸವನ್ನು ಹೇಳಿದವರೇ ಮಧ್ಯಾಹ್ನ ಜೀವಶಾಸ್ತ್ರವನ್ನು ಹೇಳಿ ಸಂಜೆ ಆಟದ ಮೈದಾನಕ್ಕಿಳಿಯಬೇಕಾದಲ್ಲಿ, ಪಾಠದ ಆಳವು ಕಡಿಮೆಯಾಗುವುದು ಸ್ವಾಭಾವಿಕ. ಮೋಟಾರು ರಸ್ತೆಗಳೂ ಶಾಲಾ ಬಸ್ಸುಗಳೂ ಈ ವಿಲೀನಕ್ಕೆ ಮೊದಲೇ ದಾರಿಮಾಡಿಕೊಟ್ಟಿದ್ದುವು. 1940ರ ವೇಳೆಗೆ ಸುಮಾರು 1,17,000 ಇದ್ದ ಶಾಲಾ ಆಡಳಿತ ಮಂಡಲಗಳು 1970ರ ವೇಳೆಗೆ 18,000ದ ಆಸುಪಾಸಿಗೆ ಇಳಿದುವು. ಒಂದು ಪೀಳಿಗೆಯ ಅವಧಿಯಲ್ಲಿ ಇಷ್ಟು ದೊಡ್ಡ ಪರಿವರ್ತನೆ ಆ ದೇಶದ ಗ್ರಾಮಜೀವನದಲ್ಲಿ ಬೇರೆ ಹೆಚ್ಚಾಗಿ ಆಗಿರಲಾರದು.

ಇದಕ್ಕೆ ಚಿಕ್ಕ ಶಾಲೆಯ ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಉತ್ತರ ಪ್ರೀತಿಯದು. ಅಲ್ಲಿ ಎಲ್ಲರೂ ಒಂದು ಮನೆಯವರಂತಿರುತ್ತಾರೆ, ಗುರುಗಳು ಪ್ರತಿಯೊಬ್ಬರ ಹೆಸರನ್ನೂ ಬಲ್ಲರು, ಒಬ್ಬರ ಕಷ್ಟಕ್ಕೆ ಎಲ್ಲರೂ ಆಗುತ್ತಾರೆ ಎಂದು ಅವರು ಹೇಳುವರು. ಈ ಉತ್ತರ ನನಗೆ ಸಾಲದು. ಸ್ನೇಹವು ಸಾವಿರ ಮಂದಿಯ ಶಾಲೆಯಲ್ಲಿಯೂ ಚಿಗುರುತ್ತದೆ. ಆಯ್ಕೆಗೆ ಅವಕಾಶವಿರುವುದರಿಂದ ಸಮಾನಶೀಲರಾದವರು ಅಲ್ಲಿ ಇನ್ನೂ ಸುಲಭವಾಗಿ ಒಬ್ಬರನ್ನೊಬ್ಬರು ಕಂಡುಕೊಂಡಾರು. ಅದಲ್ಲದೆ ಚಿಕ್ಕ ಗುಂಪಿಗೆ ಅದರದೇ ಆದ ಕ್ರೌರ್ಯವೊಂದುಂಟು. ಒಂಬತ್ತನೆಯ ತರಗತಿಯಲ್ಲಿ ಅಂಟಿದ ಅಡ್ಡಹೆಸರು ಹನ್ನೆರಡನೆಯದರವರೆಗೂ ಬಿಡುವುದಿಲ್ಲ. ಒಮ್ಮೆ ಅತ್ತವನು ಅಳುಬುರುಕನೆಂದೇ, ಒಮ್ಮೆ ಸುಳ್ಳಾಡಿದವಳು ಸುಳ್ಳಿಯೆಂದೇ ಹೆಸರಾಗಿಬಿಡುತ್ತಾರೆ. ಹನ್ನೊಂದು ಮಂದಿಗೆ ಬೇಡವಾದ ಹನ್ನೆರಡನೆಯವನಿಗೆ ಹೋಗಿ ಕೂಡಿಕೊಳ್ಳಲು ಬೇರೊಂದು ಗುಂಪೇ ಇರುವುದಿಲ್ಲ. ಅಂಥ ಮಗುವಿಗೆ ನಾಲ್ಕು ವರ್ಷವೆಂಬುದು ಎಷ್ಟು ದೀರ್ಘವಾದ ಕಾಲವೆಂಬುದನ್ನು ಚಿಕ್ಕ ಶಾಲೆಯನ್ನು ಹೊಗಳುವವರು ಮರೆಯಬಾರದು. ಮರೆತು ಹೊಗಳಿದರೆ ಆ ಹೊಗಳಿಕೆಗೆ ಬೆಲೆಯಿಲ್ಲ.

ಆದುದರಿಂದ ಚಿಕ್ಕ ತರಗತಿಯ ನಿಜವಾದ ಸತ್ತ್ವವನ್ನು ಬೇರೆ ಕಡೆ ಹುಡುಕಬೇಕು. ಹುಡುಕಿದವರೂ ಉಂಟು. ರೋಜರ್ ಬಾರ್ಕರ್ ಎಂಬ ಮನಶ್ಶಾಸ್ತ್ರಜ್ಞರು 1947ರಲ್ಲಿ ಕ್ಯಾನ್ಸಾಸಿನ ಆಸ್ಕಲೂಸ ಎಂಬ ಸಣ್ಣ ಊರಿನಲ್ಲಿ ಅಧ್ಯಯನ ಕೇಂದ್ರವೊಂದನ್ನು ತೆರೆದು, ತಾವೂ ಸಂಸಾರಸಮೇತರಾಗಿ ಅಲ್ಲಿಯೇ ನೆಲಸಿ, ಮಕ್ಕಳು ಎಚ್ಚತ್ತದ್ದು ಮೊದಲುಗೊಂಡು ಮಲಗುವವರೆಗೆ ಎಲ್ಲೆಲ್ಲಿ ಏನೇನು ಮಾಡುತ್ತಾರೆಂಬುದನ್ನು ವರ್ಷಾನುಗಟ್ಟಲೆ ತಾಳ್ಮೆಯಿಂದ ಬರೆದಿಟ್ಟರು. ಅವರೂ ಪಾಲ್ ಗಂಪ್ ಅವರೂ ಕೂಡಿ ಆ ಪ್ರಾಂತದ ಹೈಸ್ಕೂಲುಗಳನ್ನು ಹೋಲಿಸಿ ನೋಡಿ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಲೆಕ್ಕವಿದೆ. ಅತ್ಯಂತ ಚಿಕ್ಕ ಶಾಲೆಯಲ್ಲಿ 35 ವಿದ್ಯಾರ್ಥಿಗಳು, ಅತ್ಯಂತ ದೊಡ್ಡದರಲ್ಲಿ 2,287. ಎಂದರೆ 65 ಪಟ್ಟು. ಆದರೆ ಪಾಠ, ಪಂದ್ಯ, ನಾಟಕದ ತಾಲೀಮು, ಸಂಘದ ಸಭೆ ಮುಂತಾಗಿ ಮಕ್ಕಳು ಕಲೆತು ಏನನ್ನಾದರೂ ಮಾಡುವ ಸಂದರ್ಭಗಳನ್ನು ಎಣಿಸಿದರೆ, ದೊಡ್ಡದರಲ್ಲಿ ಅವು ಚಿಕ್ಕದರ ಎಂಟು ಪಟ್ಟು ಮಾತ್ರವೇ ಇದ್ದುವು. ಕೈಗಳು ಅರುವತ್ತೈದು ಪಟ್ಟಾದಾಗ ಕೆಲಸ ಎಂಟೇ ಪಟ್ಟಾಯಿತೆಂದ ಮೇಲೆ, ಮಿಕ್ಕ ಕೈಗಳು ಚಪ್ಪಾಳೆ ತಟ್ಟುವುದಕ್ಕೆ ಮೀಸಲಾದುವೆಂದೇ ಅರ್ಥ.

ಈ ಅಧ್ಯಯನದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದ ಅಂಶ ಇನ್ನೊಂದಿದೆ. ಓದಿನಲ್ಲಿ ಹಿಂದುಳಿದು, ಶಾಲೆಗೆ ಒಗ್ಗದ ಮಕ್ಕಳು ಎಲ್ಲೆಲ್ಲಿಯೂ ಇರುತ್ತಾರಷ್ಟೆ. ದೊಡ್ಡ ಶಾಲೆಯಲ್ಲಿ ಅಂಥವರು ಯಾವ ಕಾರ್ಯಕ್ಕೂ ಕರೆಯಿಲ್ಲದ ಹೊರಗಿನವರಾಗಿ ಉಳಿದರು. ಚಿಕ್ಕ ಶಾಲೆಯಲ್ಲಿಯಾದರೋ ಜಾಣರಿಗೆ ಬಂದಷ್ಟೇ ಕರೆ ಅವರಿಗೂ ಬಂತು, ತಾವು ಹೋಗಲೇಬೇಕೆಂಬ ಹೊಣೆಯೂ ಅಷ್ಟೇ ಬಲವಾಗಿ ಅವರ ಮನಸ್ಸಿನಲ್ಲಿ ಮೂಡಿತು. ಇದು ಯಾರ ಕರುಣೆಯಿಂದಲೂ ಆದುದಲ್ಲ. ನಾಟಕದಲ್ಲಿ ಒಂಬತ್ತು ಪಾತ್ರಗಳಿದ್ದು ತರಗತಿಯಲ್ಲಿ ಹನ್ನೊಂದೇ ಮಂದಿ ಇದ್ದರೆ, ತೊದಲುವ ಹುಡುಗನನ್ನೂ ಬಿಟ್ಟು ನಡೆಯುವಂತಿಲ್ಲ. ತುತೂರಿ ಊದುವವಳು ಜ್ವರದಿಂದ ಮಲಗಿದರೆ ಅಂದು ಬ್ಯಾಂಡಿನಲ್ಲಿ ತುತೂರಿಯೇ ಇರುವುದಿಲ್ಲ. ಫುಟ್‌ಬಾಲ್ ಪಂದ್ಯದ ಅರ್ಧ ಮುಗಿದೊಡನೆ ಆಟಗಾರರು ಮೈಮೇಲಿನ ಮಣ್ಣನ್ನೂ ಕೊಡಹದೆ ಅದೇ ಉಡುಪಿನಲ್ಲಿ ವಾದ್ಯಗಳನ್ನು ಹಿಡಿದು ಬ್ಯಾಂಡಿನ ಸಾಲಿಗೆ ಸೇರಿಕೊಳ್ಳುವುದು ಅಲ್ಲಿನ ಸಣ್ಣ ಊರುಗಳಲ್ಲಿ ವಿಶೇಷವಲ್ಲ. ಹನ್ನೊಂದು ಮಂದಿ ಸಿಕ್ಕದ ಶಾಲೆಗಳಿಗಾಗಿಯೇ 1934ರಲ್ಲಿ ನೆಬ್ರಾಸ್ಕದ ಉಪಾಧ್ಯಾಯರಾದ ಸ್ಟೀಫನ್ ಎಪ್ಲರ್ ಆರು ಮಂದಿಯ ಫುಟ್‌ಬಾಲನ್ನು ರೂಪಿಸಿದರು. ಮಕ್ಕಳ ಸಂಖ್ಯೆಗೆ ತಕ್ಕಂತೆ ಆಟವನ್ನೇ ತಿದ್ದಿದ ಆ ವಿವೇಕ ಮೆಚ್ಚತಕ್ಕದ್ದು.

ಚಿಕ್ಕ ಶಾಲೆಯ ಮಹಿಮೆಗೆ ನಿದರ್ಶನವಾಗಿ ಜನರು ಇಂಡಿಯಾನ ಪ್ರಾಂತದ ಮೈಲನ್ ಊರನ್ನು ಹೇಳುವುದುಂಟು. 161 ಮಂದಿಯ ಆ ಶಾಲೆ 1954ರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಕಡೆಯ ಪಂದ್ಯದಲ್ಲಿ ತನಗಿಂತ ಎಷ್ಟೋ ಪಾಲು ದೊಡ್ಡದಾದ ಮನ್ಸಿ ಸೆಂಟ್ರಲ್ ಶಾಲೆಯನ್ನು 32–30ರಿಂದ ಸೋಲಿಸಿತು. ಅದು ಸಂತೋಷದ ಕಥೆ; ಆದರೆ ನನ್ನ ವಾದಕ್ಕೆ ಆ ಗೆಲವು ಅವಶ್ಯಕವಲ್ಲ. ಯಾವ ಪಂದ್ಯಾವಳಿಯಲ್ಲಿಯೂ ಮುಂದೆ ಹೋಗದೆ ಸೋತು ಬಂದ ಊರುಗಳ ಮಕ್ಕಳೂ ಅಂಗಳದ ಮೇಲೆ ಇದ್ದವರೇ ಹೊರತು ಬೆಂಚಿನ ಮೇಲಿದ್ದವರಲ್ಲ.

ಹೀಗೆ ಅರೆಬರೆ ಸಾಮರ್ಥ್ಯದಿಂದ ಎಲ್ಲವನ್ನೂ ಮಾಡುವುದಕ್ಕಿಂತ ಒಂದನ್ನು ನಿಪುಣವಾಗಿ ಮಾಡುವುದು ಮೇಲಲ್ಲವೆ ಎಂದು ಕೇಳಬಹುದು. ಪ್ರೌಢವಯಸ್ಸಿಗೆ ಆ ಮಾತು ಸಲ್ಲುತ್ತದೆ. ಹದಿನಾಲ್ಕರ ಮಗುವಿಗಾದರೋ ತನ್ನಲ್ಲಿ ಯಾವ ಶಕ್ತಿಯಿದೆಯೆಂಬುದೇ ತಿಳಿಯದು; ಕರೆದು ನಿಲ್ಲಿಸಿದ ಮೇಲೆಯೇ ಅದು ತಿಳಿಯತಕ್ಕದ್ದು. ನಿಪುಣರನ್ನು ಮೊದಲೇ ಆರಿಸಿಕೊಳ್ಳುವ ಶಾಲೆಯು ಮಿಕ್ಕವರಿಗೆ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುವ ಸಂದರ್ಭವನ್ನೇ ತಪ್ಪಿಸುತ್ತದೆ. ಇನ್ನು ಕೊನಂಟರ ಆಕ್ಷೇಪಣೆಗಿದ್ದ ಬಲವನ್ನು ಕಾಲವೇ ಕಡಿಮೆ ಮಾಡಿದೆ. ದೂರದ ಅಧ್ಯಾಪಕರ ಗಣಿತವನ್ನೂ ಪರಭಾಷೆಯನ್ನೂ ಪರದೆಯ ಮೂಲಕ ಹಳ್ಳಿಯ ಕೋಣೆಗೆ ತರಿಸಿಕೊಳ್ಳುವುದು ಈಗ ಸಾಧ್ಯ. ನೀನು ಬಾರದಿದ್ದರೆ ಈ ಕೆಲಸ ನಿಲ್ಲುವುದೆಂಬ ಅನುಭವವನ್ನು ಮಾತ್ರ ಹಾಗೆ ತರಿಸಿಕೊಳ್ಳಲಾಗದು.

ನಾಲ್ಕು ವರ್ಷಗಳ ದೀರ್ಘತೆಗೂ ಇಲ್ಲಿ ಅರ್ಥವುಂಟು. ಇಂದು ಜಗಳವಾಡಿದವನೊಡನೆಯೇ ನಾಳೆ ಪ್ರಯೋಗಶಾಲೆಯ ಮೇಜನ್ನು ಹಂಚಿಕೊಳ್ಳಬೇಕಾದಾಗ, ಮುನಿಸನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಮಕ್ಕಳು ತಾವಾಗಿಯೇ ಕಲಿಯುತ್ತಾರೆ. ನೆರೆಹೊರೆ, ಕಚೇರಿ, ಪಂಚಾಯತಿ, ಶಾಸನಸಭೆ—ಮುಂದೆ ಅವರಿಗೆ ಒದಗುವ ಸಹವಾಸಗಳೆಲ್ಲ ಬಹುಮಟ್ಟಿಗೆ ತಾವು ಆರಿಸಿಕೊಳ್ಳದವರೊಡನೆ. ಹನ್ನೆರಡನೆಯವನಿಗಾಗುವ ನೋವು ಇದರಿಂದ ಇಲ್ಲವಾಗುವುದಿಲ್ಲ. ಆದರೆ ಅವನನ್ನು ದೂರವಿಟ್ಟ ಹನ್ನೊಂದು ಮಂದಿಗೂ ಅವನಿಲ್ಲದೆ ಪಂದ್ಯ ನಡೆಯದಾದಾಗ, ಉಪಾಧ್ಯಾಯರು ವಿವೇಕಿಗಳಾಗಿದ್ದರೆ, ಒಳಗೆ ಬರುವ ಬಾಗಿಲೊಂದು ತೆರೆಯುತ್ತದೆ.

ನಮ್ಮ ಮಲೆನಾಡಿನಲ್ಲಿಯೂ ಮಕ್ಕಳ ಸಂಖ್ಯೆ ಕುಗ್ಗಿದ ಶಾಲೆಗಳನ್ನು ಕೂಡಿಸುವ ಮಾತು ಮತ್ತೆ ಮತ್ತೆ ಏಳುತ್ತದೆ. ತಲಾ ವೆಚ್ಚ ಎಷ್ಟು, ಶಿಕ್ಷಕರು ಎಷ್ಟು ಮಂದಿ ಉಳಿಯುತ್ತಾರೆ, ಎಷ್ಟು ದೂರ ನಡೆಯಬೇಕು ಎಂದೆಲ್ಲ ಲೆಕ್ಕಮಾಡುತ್ತಾರೆ, ಮಾಡಬೇಕಾದ್ದೇ. ಎಲ್ಲೆಡೆಯೂ ಚಿಕ್ಕ ಶಾಲೆಯನ್ನೇ ಉಳಿಸಬೇಕೆಂದು ನಾನು ಹಟಹಿಡಿಯಲಾರೆ. ವಿಜ್ಞಾನವನ್ನು ಹೇಳುವವರೇ ಇಲ್ಲದ ಶಾಲೆಯನ್ನು ಅಭಿಮಾನಕ್ಕಾಗಿ ನಡೆಸುವುದು ಮಕ್ಕಳಿಗೆ ಅನ್ಯಾಯ. ಆದರೆ ಈ ಲೆಕ್ಕಕ್ಕೆ ಇನ್ನೊಂದನ್ನೂ ಸೇರಿಸಬೇಕು. ಹತ್ತತ್ತು ಮಂದಿಯ ಎರಡು ತರಗತಿಗಳಲ್ಲಿ ಇಬ್ಬರು ನಾಯಕರು, ಎರಡು ಖೋ ಖೋ ತಂಡಗಳು, ವಾರ್ಷಿಕೋತ್ಸವದ ಎರಡು ನಾಟಕಗಳು, ಸ್ವಾಗತಭಾಷಣ ಮಾಡುವ ಇಬ್ಬರು ಮಕ್ಕಳು ಇರುತ್ತಾರೆ. ಕೂಡಿಸಿದ ಮೇಲೆ ಮಕ್ಕಳು ಇಪ್ಪತ್ತು ಮಂದಿಯೇ. ನಾಯಕ ಒಬ್ಬ, ತಂಡ ಒಂದು, ನಾಟಕ ಒಂದು, ಭಾಷಣವೂ ಒಂದೇ. ಎರಡನೆಯ ನಾಟಕವನ್ನೂ ಎರಡನೆಯ ತಂಡವನ್ನೂ ಹೊಸ ಶಾಲೆಯ ವೇಳಾಪಟ್ಟಿಯಲ್ಲಿ ಮೊದಲೇ ಬರೆದಿಡುವಂತೆ ಕೇಳುವ ಹಕ್ಕು ಆ ಎರಡು ಊರಿನ ತಂದೆತಾಯಿಗಳಿಗಿದೆ.